ಒಂದೂಕಾಲು ಗಂಟೆಯ ದಾರಿ

ತೀರ್ಥಹಳ್ಳಿಯ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿದ ವಿಮಾನದ ಟಿಕೆಟ್ಟು ಕೈಯಲ್ಲಿ ಇನ್ನೂ ಬೆಚ್ಚಗಿತ್ತು. ಹೈದರಾಬಾದಿನಲ್ಲಿ ಅಣ್ಣ ಹಾಸಿಗೆ ಹಿಡಿದಿದ್ದ. ಆಸ್ಪತ್ರೆಯವರು ಕೈಚೆಲ್ಲಿ ಮನೆಗೆ ಕಳಿಸಿದ್ದರು. ಶಿವಮೊಗ್ಗದಿಂದ ಹೈದರಾಬಾದಿಗೆ ಒಂದೂಕಾಲು ಗಂಟೆ ಎಂದು ಟಿಕೆಟ್ಟಿನಲ್ಲಿತ್ತು. ಓದಿದ್ದೇ ತಡ, ನಮ್ಮೂರು ಮೇಳಿಗೆಯ ಪಕ್ಕದ ಮನೆ ಅತ್ತೆ ನೆನಪಾದರು. ಸ್ವಂತ ಅತ್ತೆಯಲ್ಲ. ನಮ್ಮೂರಲ್ಲಿ ಬೇಲಿಯಾಚೆಯವರೆಲ್ಲ ಅತ್ತೆಯರೇ.

ಯಾರು ಎಲ್ಲಿಗೆ ಹೊರಟರೂ ಅತ್ತೆಯ ಲೆಕ್ಕ ಕೇಳಿಯೇ ಹೊರಡಬೇಕಿತ್ತು. ಆಗುಂಬೆಯಲ್ಲಿ ಮಂಜು ಕವಿದಿದ್ದರೆ ಇಷ್ಟು, ಘಾಟಿ ತಿರುವಿನಲ್ಲಿ ಬಸ್ಸು ಸಿಕ್ಕಿಕೊಂಡರೆ ಇಷ್ಟು ಎಂದು ಹೊತ್ತು ಕೂಡಿಸಿ, ಮಧ್ಯಾಹ್ನದ ಮದುವೆಯೂಟಕ್ಕೆ ನಸುಕಿನ ಬಸ್ಸಿಗೇ ನಮ್ಮನ್ನು ಅಟ್ಟುತ್ತಿದ್ದರು. ನಾವು ಬೈದುಕೊಂಡೇ ಹತ್ತುತ್ತಿದ್ದೆವು. ಅಂಥ ಹೆಂಗಸು ವಿಮಾನವನ್ನು ಮಾತ್ರ ನಂಬಿಬಿಟ್ಟರು... ಆಕಾಶದಲ್ಲಿ ಅಡ್ಡ ಬರುವುದಾದರೂ ಏನು ಎಂದುಕೊಂಡರೋ ಏನೋ.

ಅತ್ತೆಯ ಗಂಡ, ನಮ್ಮ ಪಾಲಿನ ಮಾವನಿಗೆ ಕೊನೆಗಾಲ ಬಂದಿತ್ತು. ಮಾವನೇ ಎತ್ತಿ ಆಡಿಸಿ ಬೆಳೆಸಿದ ಅವರ ತಂಗಿ ಹೈದರಾಬಾದಿನಲ್ಲಿದ್ದಳು. ಕೊನೆಯ ತುಳಸಿ ನೀರು ಅವಳ ಕೈಯಿಂದಲೇ ಆಗಬೇಕೆಂದು ಮಾವ ಎಂದೋ ಹೇಳಿದ್ದರಂತೆ. ಆ ದಿನ ಅವಳು ಫೋನು ಮಾಡಿ, ವಿಮಾನ ಹತ್ತಿದೆ, ಒಂದೂಕಾಲು ಗಂಟೆಯ ದಾರಿ ಅಷ್ಟೇ ಎಂದಳು. ಇತ್ತ ಮಾವನ ತುಟಿ ಒಣಗಿ ಅಲುಗತೊಡಗಿತ್ತು. ಸೇರಿದ್ದವರೆಲ್ಲ ಬಾಯಿಗೆ ನೀರು ಬಿಡಿ ಎಂದರು. ಆ ನೀರು ಗಂಟಲಿಗಿಳಿದರೆ ಹಿಡಿದುಕೊಂಡ ಜೀವವೂ ಬಿಟ್ಟುಹೋಗುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಅತ್ತೆ ಲೋಟವನ್ನು ಸೆರಗಿನೊಳಗೆ ಹಿಡಿದು ಕೂತರು.

"ಅವ್ಳು ಹೊರಟಾಯ್ತಲ್ಲ ಮಾರಾಯ್ರೆ, ಒಂಚೂರು ತಡ್ಕಳಿ" ಎಂದರು.

ಶಿವಮೊಗ್ಗದ ಮೇಲೆ ಮೋಡ ದಟ್ಟೈಸಿತ್ತು. ವಿಮಾನ ಸುತ್ತು ಹಾಕಿ ಹಾಕಿ, ಇಳಿಯಲಾಗದೆ ಬೆಂಗಳೂರಿಗೆ ಹೋಯಿತು. ಅದು ನಮಗೆ ತಿಳಿಯುವ ಹೊತ್ತಿಗೆ ಮಾವ ಬಾಯಾರಿಯೇ ಹೋಗಿದ್ದರು.

ಯಾರೂ ಅತ್ತೆಯನ್ನು ದೂರಲಿಲ್ಲ. ಬೈದಿದ್ದರೆ ಅಳುತ್ತಿದ್ದರೇನೋ. ಆಮೇಲೆ ಅವರು ಯಾರ ಪ್ರಯಾಣದ ಲೆಕ್ಕವನ್ನೂ ಹಾಕಲಿಲ್ಲ. ಊಟಕ್ಕೆ ಕೂತಾಗ ನೀರಿನ ಲೋಟವನ್ನು ದೂರ ಸರಿಸಿಡುತ್ತಿದ್ದರು. ಒಮ್ಮೆ ಮಾತ್ರ ನನ್ನ ಹತ್ತಿರ, "ಗಂಟ್ಲು ಅವ್ರದ್ದು, ಹಟ ನಂದಾಯ್ತಲ್ಲೇ" ಎಂದಿದ್ದರು. ಎರಡು ಮಳೆಗಾಲ ಕಳೆಯುವುದರೊಳಗೆ ಅತ್ತೆಯೂ ಹೋದರು...

ವಿಮಾನ ನಿಲ್ದಾಣದಲ್ಲಿ ಕೂತು ಅತ್ತಿಗೆಗೆ ಫೋನು ಮಾಡಿದೆ. ಅಣ್ಣನೂ ನನ್ನ ದಾರಿಯನ್ನೇ ಕಾಯುತ್ತಿದ್ದಾನೆಂದು ನಿನ್ನೆಯೇ ಹೇಳಿದ್ದಳು.

"ನನ್ನ ಕಾಯ್ಬೇಡ ಅತ್ಗೆ. ಅವ್ನು ನೀರು ಕೇಳಿದ್ರೆ ನೀನೇ ಕೊಟ್ಬಿಡು" ಎಂದೆ.



"ಈಗಷ್ಟೇ ಕೊಟ್ಟೆ ಕಣೇ" ಎಂದಳು. "ಕುಡಿದ್ರು. ಆಮೇಲೆ ಹೋದ್ರು."

ಅಣ್ಣ ಇಲ್ಲ. ಅಲ್ಲೇ ಕೂತು ಅತ್ತುಬಿಟ್ಟೆ. ಆದರೂ ಅವನು ಬಾಯಾರಿ ಹೋಗಲಿಲ್ಲವಲ್ಲ ಎಂಬ ಸಮಾಧಾನವೊಂದು ಒಳಗೆ ಕೂತಿದೆ. ಪಕ್ಕದ ಮನೆ ಅತ್ತೆಗೆ ಅಷ್ಟು ಸಮಾಧಾನವೂ ಸಿಗಲಿಲ್ಲ.