ಮೂಲ ಊರು ಕೇಳುವ ಡ್ಯೂಟಿ

ಹೊರಗಿನಿಂದ ವಲಸೆ ಬಂದವರನ್ನು ಏನು ಮಾಡಬೇಕು, ಸರ್ಕಾರಿ ನೌಕರರನ್ನು ಏನು ಮಾಡಬೇಕು ಎಂಬ ಎರಡು ಪ್ರಶ್ನೆಗಳಿಗೂ ನಮ್ಮ ಕಾಕಾರ ಬಳಿ ಒಂದೇ ಉತ್ತರವಿತ್ತು: ಹೊರಗೆ ಹಾಕಬೇಕು. ಧಾರವಾಡದ ತಮ್ಮ ಮನೆಯ ಕಟ್ಟೆಯ ಮೇಲೆ ಕೂತು, ಚಹಾವನ್ನು ಬಸಿಗೆ ಸುರಿದು ಆರಿಸಿಕೊಳ್ಳುತ್ತ, ದೇಶದ ಎರಡೂ ರೋಗಗಳಿಗೆ ದಿನಾ ಸಂಜೆ ಈ ಔಷಧ ಬರೆದುಕೊಡುತ್ತಿದ್ದರು. ಕಾಕಾ ನನ್ನ ತಂದೆಯ ತಮ್ಮ. ನಾನು ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಹೀಗಾಗಿ ರವಿವಾರ ನಾನು ಅವರ ಮನೆಗೆ ಹೋದರೆ ಎರಡನೇ ರೋಗ ಖುದ್ದಾಗಿ ಬಾಗಿಲಿಗೆ ಬಂದಂತಾಗುತ್ತಿತ್ತು.

“ಏನವಾ, ಬಿಟ್ಟಿ ಪಗಾರ ಬರೋಬ್ಬರಿ ಬರ್ತದಿಲ್ಲೊ?” ಎಂದೇ ಅವರು ನನ್ನನ್ನು ಬರಮಾಡಿಕೊಳ್ಳುತ್ತಿದ್ದದ್ದು.

ಕಾಕಾ ಕೂಡ ಸರ್ಕಾರಿ ಕಚೇರಿಯಿಂದಲೇ ನಿವೃತ್ತರಾದವರು. ಪಿಂಚಣಿ ಬರುವುದು ಸ್ವಲ್ಪ ತಡವಾದರೆ ಬ್ಯಾಂಕಿನವರ ಜನ್ಮ ಜಾಲಾಡುತ್ತಾರೆ. ಆದರೆ ಅದು ಬೇರೆ ಮಾತು. ಅವರ ಕಾಲದಲ್ಲಿ ನೌಕರರು ಕೆಲಸ ಮಾಡುತ್ತಿದ್ದರಂತೆ.

ಇನ್ನು ಮೊದಲನೇ ರೋಗ. ಹೊರಗಿನವರ ಮೇಲೆ ಕಾಕಾ ಗಂಟಲು ಹರಿದುಕೊಳ್ಳುವಾಗ ಅವರದೇ ಮಾಳಿಗೆಯ ಮೇಲೆ ಹೊರರಾಜ್ಯದ ಇಬ್ಬರು ಟೈಲ್ಸ್ ಕೂಡ್ರಿಸುತ್ತಿದ್ದರು. ನಡುನಡುವೆ ಕಾಕಾ ಭಾಷಣ ನಿಲ್ಲಿಸಿ, ತಮ್ಮ ಹರಕು ಹಿಂದಿಯಲ್ಲಿ ಅವರಿಗೆ “ಜಲ್ದಿ ಕರೋ” ಎಂದು ಕೂಗಿ, ಮತ್ತೆ ದೇಶೋದ್ಧಾರಕ್ಕೆ ಮರಳುತ್ತಿದ್ದರು.

“ಕಾಕಾ, ನಮ್ಮೂರವರ ಕಡಿಂದ ಯಾಕ ಮಾಡಸಲಿಲ್ರಿ?” ಎಂದು ಒಮ್ಮೆ ಕೇಳಿದೆ.

“ನಮ್ಮವರು ಹೇಳಿದ ಟೈಮಿಗೆ ಬರೂದಿಲ್ಲವಾ. ಇವರು ಪಾಪ, ಛಲೋ ಮಾಡ್ತಾರ.”

“ಮತ್ತ ಹೊರಗ ಹಾಕ್ಬೇಕು ಅಂತೀರಿ?”

“ಟೈಲ್ಸ್ ಮುಗೀಲಿ, ತಡೀ.”

ನನ್ನ ಶಾಲೆ ಇರುವುದು ಹುಬ್ಬಳ್ಳಿಯ ಅಂಚಿಗೆ, ತಾರಿಹಾಳದ ಕಾರ್ಖಾನೆಗಳ ಕಡೆಗೆ. ಸುತ್ತಲಿನ ಮನೆಗಳ ಮಕ್ಕಳೆಲ್ಲ ಹಳದಿ ಬಸ್ಸು ಹತ್ತಿ ಇಂಗ್ಲಿಷ್ ಶಾಲೆಗೆ ಹೋದ ಮೇಲೆ ನಮ್ಮಲ್ಲಿ ಉಳಿದವರು ಈ ಕಾರ್ಖಾನೆಗಳಲ್ಲಿ ದುಡಿಯುವ ಹೊರಗಿನವರ ಮಕ್ಕಳು. ಅವರು ಬಾರದಿದ್ದರೆ ಶಾಲೆಗೆ ಬೀಗ. ಅವರಲ್ಲಿ ನಾಲ್ಕನೇ ಇಯತ್ತೆಯ ಒಬ್ಬ ಹುಡುಗಿಯ ಮೇಲೆ ನನಗೆ ವಿಪರೀತ ಜೀವ. ಅಪ್ಪ ಅವ್ವ ಒಡಿಶಾದ ಕಡೆಯವರು, ಅಪ್ಪನದು ಎರಕದ ಕಾರ್ಖಾನೆಯಲ್ಲಿ ಕೆಲಸ. ಹುಡುಗಿ ಹುಟ್ಟಿದ್ದು ಮಾತ್ರ ಹುಬ್ಬಳ್ಳಿಯಲ್ಲೇ. ಅವಳನ್ನು ಶಾಲೆಗೆ ಕಳಿಸಿರೆಂದು ಅವರ ತಗಡಿನ ಶೆಡ್ಡಿಗೆ ನಾನು ಎಷ್ಟು ಸಲ ಅಲೆದೆನೋ! ಸಣ್ಣದನ್ನು ನೋಡಿಕೊಳ್ಳುವವರು ಯಾರು ಎಂದು ಅವ್ವ, ಅದನ್ನೂ ಎತ್ತಿಕೊಂಡೇ ಬರಲಿ ಎಂದು ನಾನು. ಕಡೆಗೆ ಒಂದು ದಿನ ಹುಡುಗಿ ತಂಗಿಯನ್ನು ಸೊಂಟದ ಮೇಲೆ ಕೂಡ್ರಿಸಿಕೊಂಡೇ ತರಗತಿಗೆ ಬಂದಳು. ಈಗ ಅವಳ ಬಾಯಲ್ಲಿ ಧಾರವಾಡದ ಮಾತು ಕೇಳಬೇಕು, ನಮ್ಮ ಮನೆಯ ಮಕ್ಕಳಿಗೆ ಅಷ್ಟು ಚಂದ ಬರುವುದಿಲ್ಲ. ಏನೇ ಆಗಲಿ, ಏಳನೆಯದು ಮುಗಿಯುವವರೆಗೆ ಇವಳನ್ನು ಶಾಲೆ ಬಿಡಗೊಡಬಾರದು ಎಂಬುದು ನನ್ನ ಹಟವಾಗಿತ್ತು.

ಇಂಥದರಲ್ಲಿ ಮೇಲಿನಿಂದ ಆದೇಶ ಬಂತು. ಊರಿನಲ್ಲಿ ಹೊರಗಿನವರು ಯಾರ್ಯಾರಿದ್ದಾರೆಂದು ಮನೆಮನೆಗೆ ಹೋಗಿ ಪತ್ತೆ ಹಚ್ಚಬೇಕು. ಹಚ್ಚುವವರು ಯಾರು? ಮತ್ತ್ಯಾರು, ಬಿಟ್ಟಿ ಪಗಾರದವರು! ಮತದಾರರ ಹೆಸರು ತಿದ್ದುವವರು ನಾವು, ಜಾತಿ ಕೇಳುವವರು ನಾವು, ಪಾಯಖಾನೆ ಎಣಿಸುವವರು ನಾವು, ಮಧ್ಯಾಹ್ನದ ಮೊಟ್ಟೆ ಸುಲಿಯುವವರು ನಾವು. ಪುರುಸೊತ್ತು ಸಿಕ್ಕರೆ ಮಗ್ಗಿ ಕಲಿಸುವವರೂ ನಾವೇ.

ತರಬೇತಿಗೆ ಕರೆದ ಸಾಹೇಬರು ಮೊಬೈಲಿನಲ್ಲಿ ಹೊಸ ಆ್ಯಪ್ ತೋರಿಸಿ ಹೇಳಿದರು: “ನೀವು ತಲಿ ಓಡಸಾಕ ಹೋಗಬ್ಯಾಡ್ರಿ. ಮೂಲ ಊರು ಯಾವುದು ಅಂತ ಕೇಳ್ರಿ, ಹೇಳಿದ್ದನ್ನ ಹಂಗ ಹಾಕ್ರಿ, ಬಾಗಲದಾಗ ನಿಂದ್ರಿಸಿ ಒಂದು ಫೋಟೋ ತಗೀರಿ. ಬ್ಯಾರೆ ರಾಜ್ಯದವರಾದ್ರ ತಾನ ಕೆಂಪಾಗತೈತಿ.”

ತಲೆ ಓಡಿಸದೆ ಇರುವುದಕ್ಕೂ ತರಬೇತಿ ಕೊಡುತ್ತಾರೆಂದು ನನಗೆ ಅಂದೇ ತಿಳಿದದ್ದು.

ನನ್ನ ಪಾಲಿಗೆ ಧಾರವಾಡದಲ್ಲಿ ಕಾಕಾರ ಗಲ್ಲಿಯೂ, ನನ್ನ ಶಾಲೆಯ ಹಿಂದಿನ ಶೆಡ್ಡುಗಳೂ ಬಂದವು. ಮೊದಲು ಗಲ್ಲಿಗೆ ಹೋದೆ. ಧಾರವಾಡದ ಹಳೆಯ ಮನೆತನದವರಿಗೆ “ನಿಮ್ಮ ಮೂಲ ಯಾವ ಊರ್ರಿ?” ಎಂದು ಯಾರಾದರೂ ಕೇಳಿಬಿಟ್ಟರೆ ಹಬ್ಬವೇ ಸರಿ. ಹೆಣ್ಣು ನೋಡುವಲ್ಲಿ, ದವಾಖಾನೆಯ ಸರದಿಯಲ್ಲಿ, ಕಡೆಗೆ ಮಸಣದ ದಾರಿಯಲ್ಲಿ ಕೂಡ ಈ ಪ್ರಶ್ನೆ ಏಳುತ್ತದೆ. ಅದಕ್ಕೆ “ಧಾರವಾಡನ ರೀ” ಎಂದು ಉತ್ತರ ಕೊಡುವುದು ಒಂಥರ ಬಡತನ. ಮುತ್ತಜ್ಜ ಎಲ್ಲಿಂದಲೋ ಬಂದಿರಲೇಬೇಕು, ದೂರದಿಂದ ಬಂದಷ್ಟೂ ಮರ್ಯಾದೆ ಹೆಚ್ಚು.

“ಬರಕೋ,” ಎಂದು ಕಾಕಾ ಬೆನ್ನು ನೆಟ್ಟಗೆ ಮಾಡಿಕೊಂಡರು. “ನಮ್ಮದು ಮೂಲ ಮಿರಜ. ನಮ್ಮ ಅಜ್ಜನ ಅಜ್ಜ ಗಾಡಿ ಕಟ್ಟಿಸಿಕೊಂಡು ಬಂದವರು. ನಾವು ಇಲ್ಲೇದವರಲ್ಲ.”

“ಧಾರವಾಡ ಅಂತ ಹಾಕ್ಲೇನ್ರಿ ಕಾಕಾ?”

“ಯಾಕ? ನಮಗ ಮೂಲ ಇಲ್ಲೇನು?” ಕಾಕಾ ಸಿಟ್ಟಿಗೆದ್ದರು. ಒಳಗಿನಿಂದ ಅವರ ಹೆಂಡತಿ, ನಮ್ಮ ಕಾಕು, “ನಮ್ಮ ತವರಮನಿಯವರು ಸಾಂಗಲಿಯವರು, ಅದನ್ನೂ ಹಾಕವಾ” ಎಂದು ಕೂಗಿದರು.

ಹಿರಿಯರ ಮಾತು ಮೀರಬಾರದು, ಸಾಹೇಬರ ಮಾತಂತೂ ಮೀರಲೇಬಾರದು. ಹಾಗೇ ಹಾಕಿದೆ. ಮೊಬೈಲು ಕೆಂಪಗಾಯಿತು. ಪಕ್ಕದ ಮನೆಯವರು ಸೊಲ್ಲಾಪುರ ಎಂದರು, ಎದುರು ಮನೆಯವರು ಪುಣೆ ಎಂದರು, ಮೂಲೆಯ ಮನೆಯ ಅಜ್ಜ ಮೂರು ಲೋಟ ನೀರು ಕುಡಿದು ಕಾಶಿಯಿಂದ ಶುರುಮಾಡಿದರು. ಮಧ್ಯಾಹ್ನದ ಊಟದ ಹೊತ್ತಿಗೆ ಆ ಗಲ್ಲಿಯಲ್ಲಿ ಸ್ಥಳೀಯರೆಂಬುವವರೇ ಉಳಿದಿರಲಿಲ್ಲ. ನನ್ನ ಮೂಲವೂ ಅದೇ ಮಿರಜ ತಾನೆ? ಆದರೆ ಎಣಿಸುವವರನ್ನು ಎಣಿಸುವ ಏರ್ಪಾಡು ಆ್ಯಪಿನಲ್ಲಿ ಇರಲಿಲ್ಲ, ಬಚಾವಾದೆ.

ಮರುದಿನ ಶೆಡ್ಡುಗಳಿಗೆ ಹೋದೆ. ಅಲ್ಲಿ ಯಾವ ಬಾಗಿಲಲ್ಲಿ ಕೇಳಿದರೂ ಒಂದೇ ಉತ್ತರ: “ಹುಬ್ಬಳ್ಳಿ.” ಬೇರೆ ಕನ್ನಡ ಬಾರದವರೂ ಅದೊಂದನ್ನು ಗಟ್ಟಿಯಾಗಿ ಹೇಳಿದರು. ನನ್ನ ಹುಡುಗಿಯ ಅವ್ವನ ಮುಖ ಬಿಳಿಚಿಕೊಂಡಿತ್ತು. ಮಗಳ ಹಿಂದೆ ನಿಂತು “ಹುಬ್ಬಳ್ಳಿ, ಹುಬ್ಬಳ್ಳಿ” ಎನ್ನುತ್ತಲೇ ಇದ್ದಳು. ಸಾಹೇಬರು ಹೇಳಿದ್ದರಲ್ಲ, ತಲೆ ಓಡಿಸದೆ ಅದನ್ನೇ ಹಾಕಿದೆ. ಆ ಹೆಣ್ಣುಮಗಳ ಹೆದರಿಕೆ ನೋಡಿದ ಮೇಲೆ ಬೇರೆ ಏನು ಹಾಕಲೂ ನನ್ನ ಕೈ ಬರುತ್ತಿರಲಿಲ್ಲ, ಆ ಮಾತು ಬೇರೆ.

“ಅಕ್ಕೋರ, ಇದನ್ನ ಯಾಕ ಕೇಳಾಕತ್ತೀರಿ?” ಎಂದಳು ಹುಡುಗಿ. ನಮ್ಮ ಕಡೆ ಶಿಕ್ಷಕಿಯರನ್ನು ಮಕ್ಕಳು ಹಾಗೆಯೇ ಕರೆಯುವುದು.

“ಸುಮ್ನವಾ. ಸರ್ಕಾರದ್ದು.”

“ಸುಮ್ನ ಆದ್ರ ಫೋಟೋ ಯಾಕ್ರಿ?”

ನನ್ನ ತರಗತಿಯಲ್ಲಿ ಪ್ರಶ್ನೆ ಕೇಳಬೇಕೆಂದು ಕಲಿಸಿದವಳು ನಾನೇ. “ನಗು, ನಗು” ಎಂದು ಹೇಳಿ ಫೋಟೋ ತೆಗೆದೆ. ಸಣ್ಣದೊಂದೇ ನಕ್ಕಿತು.

ಕೆಲವೇ ದಿನಗಳಲ್ಲಿ ಕಾಕಾರ ಮೊಬೈಲಿಗೆ ಸಂದೇಶ ಬಂತು. ತಾವು ಹೊರರಾಜ್ಯದವರೆಂದು ಕಂಡುಬಂದಿದ್ದು, ದಾಖಲೆಗಳೊಂದಿಗೆ ಹಾಜರಾಗತಕ್ಕದ್ದು. ಗಲ್ಲಿಯಲ್ಲಿ ಬೆಂಕಿ ಬಿದ್ದಂತಾಯಿತು. ಹೊರಗಿನವರ ಮೇಲೆ ಸರ್ಕಾರ ಮೆತ್ತಗಾಗಿದೆ ಎಂದು ನಿನ್ನೆಯವರೆಗೆ ಕಟ್ಟೆಯ ಮೇಲೆ ಕೂತು ಬೈಯುತ್ತಿದ್ದವರೆಲ್ಲ ಒಂದೇ ಟಂಟಂ ರಿಕ್ಷಾದಲ್ಲಿ ತುಂಬಿಕೊಂಡು ಕಚೇರಿಗೆ ಹೋದರು. ನನಗೆ ಕರ್ತವ್ಯಲೋಪದ ನೋಟಿಸು ಬಂತು.

ಕಚೇರಿಯಲ್ಲಿ ಕಾಕಾರಿಗೆ ಕುರ್ಚಿ, ಫ್ಯಾನು, ಚಹಾ. ನಾನು ನಿಂತೇ ಇದ್ದೆ.

“ಇಷ್ಟು ಹಳೇ ಮನೆತನದವರನ್ನ ಹೊರಗಿನವರು ಅಂತ ಹಾಕೀರಲ್ರಿ ಮೇಡಂ, ತಲಿ ಓಡಸೂದಿಲ್ಲೇನ್ರಿ?” ಎಂದರು ಸಾಹೇಬರು.

“ಓಡಸಬ್ಯಾಡ ಅಂತ ನೀವ ಹೇಳಿದ್ರಿ, ಸಾಹೇಬ್ರ.”

ಕಾಕಾ ಬಸಿಯಿಂದ ಮುಖ ಎತ್ತಲಿಲ್ಲ. “ಹುಡುಗಿ ಮೊದಲಿಂದ ಹಂಗ ಅದ ಬಿಡ್ರಿ. ಬಿಟ್ಟಿ ಪಗಾರದ ಸೊಕ್ಕು,” ಎಂದರು. ನನಗೆ ಐವತ್ತು ದಾಟಿದೆ.

ಸಾಹೇಬರು ತಮ್ಮ ಕಂಪ್ಯೂಟರಿನಲ್ಲಿ ಬೆರಳಾಡಿಸಿದರು. ಕಾಕಾರ ಚಹಾ ಆರುವುದರೊಳಗೆ ಇಡೀ ಗಲ್ಲಿ ಧಾರವಾಡಕ್ಕೆ ಮರಳಿ ಬಂತು. ಮಿರಜ ಇಲ್ಲ, ಕಾಶಿ ಇಲ್ಲ. ಆಮೇಲೆ ಸಾಹೇಬರ ಕಣ್ಣು ಶೆಡ್ಡುಗಳ ಮೇಲೆ ಬಿತ್ತು. “ಇವರೆಲ್ಲಾ ಹೆಂಗ್ರಿ ಹುಬ್ಬಳ್ಳಿಯವರು?”

“ಹೇಳಿದ್ದನ್ನ ಹಾಕೇನ್ರಿ.”

“ಇರ್ಲಿ. ಪೊಲೀಸರು ಕೇಳ್ತಾರ.”

ಕೇಳಿದರು. ನಾನು ತೆಗೆದ ಫೋಟೋಗಳನ್ನು ಹಿಡಿದುಕೊಂಡು ಹೋಗಿ, ಬಾಗಿಲು ಬಾಗಿಲಿಗೆ ಮುಖ ಹೋಲಿಸಿ ನೋಡಿ ಕೇಳಿದರು. ಗಂಡಸರನ್ನು ಠಾಣೆಗೆ ಕರೆದೊಯ್ದು ಸಂಜೆಯವರೆಗೆ ಕೂಡ್ರಿಸಿಕೊಂಡು ಬಿಟ್ಟರು. ಮರುದಿನದಿಂದ ನನ್ನ ತರಗತಿಯಲ್ಲಿ ಬೆಂಚುಗಳು ಮಾತ್ರ ಇದ್ದವು. ಹೆಡ್‌ಮಾಸ್ತರರು ಹಾಜರಿ ಕೂಗಿ ಯಾರೂ ಇಲ್ಲದ ಕಡೆ ನೋಡಿ, “ಹಿಂಗಾದ್ರ ಸಾಲಿ ಮುಚ್ಚತಾರ್ರಿ. ನಿಮ್ಮ ಮಾತ ಕೇಳ್ತಾರ ಅವರು, ನೀವ ಹೋಗಿ ಕರಕೊಂಡ ಬರ್ರಿ” ಎಂದರು. ಮಕ್ಕಳಿಲ್ಲದ ಶಾಲೆಗೆ ಶಿಕ್ಷಕರು ಯಾಕೆ ಎಂದು ಅಷ್ಟರಲ್ಲಿ ಕಟ್ಟೆಯ ಮೇಲೆ ಹೊಸ ಚರ್ಚೆ ಶುರುವಾಗಿತ್ತಂತೆ.

ನನಗೆ ಬೇರೆ ಯಾರ ಚಿಂತೆಯೂ ಇರಲಿಲ್ಲ. ಆ ಹುಡುಗಿ ಒಮ್ಮೆ ಮನೆಯಲ್ಲಿ ಕೂತರೆ ಮತ್ತೆ ಪುಸ್ತಕ ಮುಟ್ಟುವುದಿಲ್ಲ ಎಂಬುದೊಂದೇ ಹೆದರಿಕೆ. ಮೊಬೈಲನ್ನು ಶಾಲೆಯಲ್ಲೇ ಬಿಟ್ಟು ಬರಿಗೈಯಲ್ಲಿ ಹೊರಟೆ. ಶೆಡ್ಡಿನ ಬಾಗಿಲು ದೂರದಿಂದ ತೆರೆದೇ ಕಂಡಿತು, ಒಳಗೆ ಅನ್ನ ಕುದಿಯುತ್ತಿತ್ತು. ನಾನು ಹತ್ತಿರವಾದಂತೆ ಬಾಗಿಲು ಮುಚ್ಚಿತು. ಸಣ್ಣದು ಅಳತೊಡಗಿತು, ಯಾರೋ ಅದರ ಬಾಯಿ ಮುಚ್ಚಿದರು.

“ನಾನವಾ, ನಿಮ್ಮ ಅಕ್ಕೋರು,” ಎಂದೆ. “ಪೊಲೀಸರು ಯಾರೂ ಬಂದಿಲ್ಲ. ನಾ ಒಬ್ಬಾಕಿನ ಇದ್ದೇನಿ. ಬಾಗಲಾ ತಗೀ.”

ಆಮೇಲೆ ಬಾಗಿಲಿಗೆ ತೀರ ಹತ್ತಿರದಿಂದ ಹುಡುಗಿಯ ದನಿ ಬಂತು.

“ನೀವ ಅಂತ ಗೊತ್ತೈತ್ರಿ ಅಕ್ಕೋರ. ಅದಕ್ಕ ಚಿಲಕಾ ಹಾಕೇವ್ರಿ.”