ಅತ್ತೆಯ ಕಲ್ಲು, ನನ್ನ ಗೀರು

ಇಪ್ಪತ್ತು ವರ್ಷ ವಿಜ್ಞಾನ ಕಲಿಸಿದ ಈ ಮಾಸ್ತರ ಒಂದು ಚಿಟಿಕೆ ಅರಿಸಿನದ ಮುಂದೆ ಸೋತಿದ್ದಾನೆಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಿಮ್ಮಲ್ಲೇ ಇರಲಿ.

ಕಾಗವಾಡದ ನಮ್ಮ ದ್ರಾಕ್ಷಿ ತೋಟದಲ್ಲಿ ಬಾವಿ ತೋಡುವಾಗ ಒಂದು ಬೆಣಚುಕಲ್ಲು ಸಿಕ್ಕಿತು. ಬಿಳಿ ಹರಳುಗಳ ಮೇಲೆ ಕರ್ರಗೆ ಮಿರುಗುವ ಗುಳ್ಳೆಗಳು ಬೆಳೆದಿದ್ದವು. ಕಂಡ ಕೂಡಲೇ "ಹೆಮಟೈಟ್!" ಎಂದೆ. ಶಾಲೆಯ ಗಾಜಿನ ಕಪಾಟಿನಲ್ಲಿ ಜಾಗ ಮಾಡಿದೆ, ಸೋಮವಾರ ತೋರಿಸುತ್ತೇನೆಂದು ಮಕ್ಕಳಿಗೆ ಮಾತೂ ಕೊಟ್ಟೆ. ಅಷ್ಟರಲ್ಲಿ ನಮ್ಮ ಅತ್ತೆ, ಅಂದರೆ ಹೆಂಡತಿಯ ತಾಯಿ, ಅದನ್ನು ದೇವರ ಜಗಲಿಯ ಮೇಲೆ ಕೂಡಿಸಿಬಿಟ್ಟಿದ್ದರು.

"ಇಂವ ಮಂಗಸೂಳಿ ಗುಡಿ ಮಲ್ಲಯ್ಯ ಅದಾನ್ರಿ ಅಳ್ಯಾರ. ಮನಿ ಹುಡಿಕ್ಕೊಂಡ ಬಂದಾನ. ಸಾಲಿಗಿ ಒಯ್ಯಾಕ ನಾ ಬಿಡಂಗಿಲ್ಲ."

ಕಬ್ಬಿಣದ ತುಕ್ಕಿನ ಬಳಗದಲ್ಲಿ ಹೆಮಟೈಟ್, ಗೋಥೈಟ್ ಎಂಬ ಅಣ್ಣತಮ್ಮಂದಿರಿದ್ದಾರೆ. ಇಬ್ಬರೂ ಕಪ್ಪು ಕೋಟು ತೊಟ್ಟು ನಿಂತರೆ ಹೆತ್ತವಳಿಗೂ ಗುರುತು ಹತ್ತುವುದಿಲ್ಲ. ಟೈಲ್ಸಿನ ಹೊಳಪಿಲ್ಲದ ಬೆನ್ನಿಗೆ ಕಲ್ಲನ್ನು ಗೀರಬೇಕು: ಕೆಂಪು ಬಿದ್ದರೆ ಹೆಮಟೈಟ್, ಹಳದಿ ಬಿದ್ದರೆ ಗೋಥೈಟ್. ಹಳದಿ ಎಂದದ್ದೇ ತಡ, ಅತ್ತೆಯ ಕಿವಿ ನೆಟ್ಟಗಾಯಿತು. ಮಲ್ಲಯ್ಯನ ಭಂಡಾರವೆಂದರೆ ಅರಿಸಿನವೇ ಅಲ್ಲವೇ? ಕೆಂಪಾದರೆ ಕಲ್ಲು ಶಾಲೆಗೆ, ಹಳದಿಯಾದರೆ ಜಗಲಿಗೆ ಎಂದು ಕರಾರಾಯಿತು.

ಗತ್ತಿನಿಂದ ಗೀರಿದೆ. ಹಳದಿ!

"ಏಳಕೋಟಿ ಏಳಕೋಟಿಗೋ!" ಎಂದು ಅತ್ತೆ ಮಲ್ಲಯ್ಯನ ಜಯಕಾರ ಹಾಕಿದರು. ನನಗೆ ಭೂಮಿ ಬಾಯಿಬಿಡಬಾರದೇ ಎನ್ನುವಷ್ಟು ನಾಚಿಕೆಯಾಯಿತು. ಮಕ್ಕಳಿಗೆ ಏನೆಂದು ಹೇಳಲಿ?

ಆದರೆ ಗೋಥೈಟಿನ ಗೀರು ಕಂದು ಬೆರೆತ ಮಾಸಲು ಹಳದಿ; ಇದೋ ಮದುಮಗಳ ಕೆನ್ನೆಯ ಹಳದಿ. ಮೂಗಿಗೆ ಹಿಡಿದೆ, ಒಗ್ಗರಣೆ ಡಬ್ಬಿಯ ವಾಸನೆ! ಅತ್ತೆ ಬೆಳಿಗ್ಗೆಯೇ ಕಲ್ಲಿಗೆ ಭಂಡಾರ ಮೆತ್ತಿ ಪೂಜೆ ಮಾಡಿದ್ದರು. ಗೀರುವ ಮೊದಲು ತೊಳೆಯಬೇಕೆಂದು ವರ್ಷವರ್ಷವೂ ಪಾಠ ಹೇಳುವವನು ನಾನೇ.

ಬ್ರಶ್ ಹಾಕಿ ತಿಕ್ಕಿ ತೊಳೆದು, ಹಳೆಯ ಗೀರಿನ ಪಕ್ಕದಲ್ಲೇ ಮತ್ತೊಂದು ಗೀರಿದೆ. ಕೆಂಪು! ಟೈಲ್ಸನ್ನು ಅತ್ತೆಯ ಮುಂದೆ ಹಿಡಿದು, "ಈಗೇನ ಅಂತೀರಿ?" ಎಂದೆ.

ಅವರು ಕನ್ನಡಕ ಏರಿಸಿ ಎರಡೂ ಗೀರು ನೋಡಿದರು. ಆಮೇಲೆ ಭಕ್ತಿಯಿಂದ ಕೈ ಮುಗಿದರು.

"ಹಳದಿ ಭಂಡಾರ, ಕೆಂಪ ಕುಂಕುಮ. ಒಬ್ಬನ ಬಂದಾನಂತ ತಿಳಕೊಂಡಿದ್ನಿರಿ. ಹೆಂಡ್ತಿ ಮಾಳವ್ವನ್ನೂ ಕರ್ಕೊಂಡ ಬಂದಾನ! ಗಂಡ-ಹೆಂಡ್ತೀನ ಅಗಲಸಬಾರದ್ರಿ ಅಳ್ಯಾರ."

ಟೈಲ್ಸು ಕೆಳಗಿಟ್ಟು ನಾನೂ ಅತ್ತೆಗೆ ಕೈ ಮುಗಿದೆ. ಕಲ್ಲು ಜಗಲಿಯ ಮೇಲೆಯೇ ಉಳಿಯಿತು. ಕೊಟ್ಟ ಮಾತಿಗೆ ತಪ್ಪಬಾರದೆಂದು ಸೋಮವಾರ ಆ ಟೈಲ್ಸನ್ನೇ ಶಾಲೆಗೆ ಒಯ್ದು, ನಡೆದದ್ದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿದೆ. ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಕಪಾಟಿನ ಚೀಟಿಯನ್ನು ಅವರಿಂದಲೇ ಬರೆಸಿದೆ. ಅದು ಈಗಲೂ ಅಲ್ಲಿದೆ:

"ಕೆಂಪು: ಹೆಮಟೈಟ್. ಹಳದಿ: ನಮ್ಮ ಸರ್."