ಸಿನಿಮಾದಾಗ ಕಂಡ ಕೌದಿ

ನನಗ ಆಗ ಅರವತ್ತೆಂಟು. ಮೂರು ವರ್ಷದ ಹಿಂದಿನ ಮಾತು. ಎಳ್ಳಮಾಸಿ ಮುಗಿದ ಮುಂದಿನ ರವಿವಾರ, ಬೈಲಹೊಂಗಲದ ನಮ್ಮ ಮನಿಯಿಂದ ಮುಂಜಾನೆ ಆರೂವರಿಗೆ ಹೊರಟೆವು. ಗಾಡಿ ಹೊಡೆದವನು ಮಗ ಈರಣ್ಣ. ಅವನ ಬಾಜೂಕ ಅವನ ಮಗಳು ಅಕ್ಷತಾ, ಕಾಲೇಜು ಕಲಿಯಾಕಿ. ಹಿಂದ ನಾನು ಮತ್ತು ಸೊಸಿ ಶೈಲಾ, ನಮ್ಮಿಬ್ಬರ ನಡುವ ಬುತ್ತಿ ಗಂಟು. ಒಂದು ಸಿನಿಮಾ ತೆಗೆದ ಜಾಗ ಎಲ್ಲಾ ನೋಡಬೇಕು ಅಂತ ಅಕ್ಷತಾ ತಿಂಗಳಿಂದ ಬೆನ್ನು ಹತ್ತಿದ್ದಳು. ಕಿತ್ತೂರು, ಸವದತ್ತಿ ಕಡೆಯ ನವಿಲುತೀರ್ಥ, ರಾಮದುರ್ಗ. ನನಗ ರಾಮದುರ್ಗ ಒಂದೇ ಬೇಕಾಗಿತ್ತು.

ಯಾಕಂದರ ಆ ಸಿನಿಮಾದಾಗ ನನ್ನ ಕೌದಿ ಇತ್ತು.

ನಮ್ಮ ಅವ್ವ ಸತ್ತ ಮ್ಯಾಲ ಅವಳ ಆರು ಇಳಕಲ್ ಸೀರಿ ಹರಿದು ನಾನೇ ಹೊಲಿದ ಕೌದಿ ಅದು. ನಾವು ಹೊರಟ ದಿನಕ್ಕ ಎರಡು ವರ್ಷ ಮೊದಲು ಟ್ರಂಕಿನೊಳಗಿಂದ ಹೋಗಿತ್ತು. ಇಲಿ ಕಡಿದಿತ್ತು, ತಿಪ್ಪಿಗೆ ಒಗೆದೆ ಅಂದಳು ಶೈಲಾ. ಅದೇ ದಿನ ಅಡಗಿಮನಿಗೆ ಒಂದು ಹೊಸಾ ಸ್ಟೀಲ್ ಡಬ್ಬಿ ಬಂದಿತ್ತು. ಹಳೇ ಅರಿವಿ ತಗೊಂಡು ಭಾಂಡೆ ಕೊಡೋ ಹೆಂಗಸು ನಮ್ಮ ಓಣಿಗೆ ಬರತಾಳ. ನಾನು ಎರಡನೇ ಇಯತ್ತೆಗೆ ಸಾಲಿ ಬಿಟ್ಟವಳು, ಆದರ ಇಷ್ಟು ಕೂಡಿಸಾಕ ಸಾಲಿ ಬೇಕಾಗಿಲ್ಲ. ನಾನು ಬಾಯಿ ತೆಗೆಯಲಿಲ್ಲ. ಆ ಡಬ್ಬಿಗೂ ಕೈ ಹಚ್ಚಲಿಲ್ಲ.

ಆಮ್ಯಾಲ ಅಕ್ಷತಾ ಫೋನಿನಾಗ ಸಿನಿಮಾ ತೋರಿಸಿದಳು. ಹೀರೋಯಿನ್ ಅಳಕೋತ ಬಂದು ಮಂಚದ ಮ್ಯಾಲ ಬೀಳತಾಳ. ಆ ಮನಿ ರಾಮದುರ್ಗದ ಒಂದು ಹಳೇ ವಾಡೆ ಅಂತ. ಎಲ್ಲರೂ ಅವಳನ್ನ ನೋಡಿದರು, ನಾನು ಅವಳ ಕೆಳಗಿನ ಕೌದಿ ನೋಡಿದೆ. ಇದು ನಂದು ಅಂದೆ. ಈರಣ್ಣ ನಕ್ಕು, "ಕೌದಿ ಎಲ್ಲಾ ಒಂದಽ ಥರ ಇರತಾವ ಬಿಡಬೇ" ಅಂದ. ಶೈಲಾ ಎದ್ದು ಹಾಲು ಉಕ್ಕಿತೇನೋ ಅಂತ ಒಳಗ ಹೋದಳು. ಹಾಲು ಒಲಿ ಮ್ಯಾಲ ಇಟ್ಟೇ ಇರಲಿಲ್ಲ.

ಕಿತ್ತೂರಿಗೆ ಒಂದು ತಾಸು ಹಿಡಿಯಿತು. ದಾರಿ ತುಂಬ ಕಬ್ಬಿನ ಟ್ರ್ಯಾಕ್ಟರು, ಒಂದು ದಾಟಿದರ ಮುಂದ ಇನ್ನೊಂದು. ಥಂಡಿ ಬಾಳ ಇತ್ತು. ಕೋಟೆಯೊಳಗ ಅಕ್ಷತಾ ಒಂದು ಗ್ವಾಡಿ ತೋರಿಸಿ, ಹಾಡಿನಾಗ ಹೀರೋ ಇಲ್ಲಿಂದಲೇ ಜಿಗಿದಿದ್ದ ಅಂದಳು. ಸಿನಿಮಾದಾಗ ಮುಗಿಲಿಗೆ ಮುಟ್ಟಿದ್ದ ಗ್ವಾಡಿ ಇಲ್ಲಿ ನನ್ನ ಎದಿಮಟ ಇತ್ತು. ಇಷ್ಟಕ್ಕ ಅಷ್ಟು ತೇಕಿದನೇನು ಅಂತ ಕೇಳಿದೆ. ಹೆದ್ದಾರಿ ಬಾಜೂಕ ಚಹಾ ಕುಡಿದೆವು, ಮಿರ್ಚಿ ತಿಂದೆವು. ಚಹಾಕ್ಕ ಹತ್ತು ರೂಪಾಯಿ, ಎರಡು ಗುಟುಕಿಗೆ ಮುಗಿಯಿತು. ಮಿರ್ಚಿ ಚೊಲೋ ಇತ್ತು.

ಸವದತ್ತಿಗೆ ಹೋಗಾಕ ತಿರುಗಿ ನಮ್ಮ ಊರ ಮ್ಯಾಲಿಂದಲೇ ಬಂದೆವು. ಬೈಲಹೊಂಗಲ ಕಂಡ ಕೂಡಲೇ ಶೈಲಾ ತಲಿ ನೋಯತೈತಿ, ನನ್ನ ಮನಿಗೆ ಇಳಿಸ್ರಿ ಅಂದಳು. ಈರಣ್ಣ ಗಾಡಿ ಸಾವಕಾಶ ಮಾಡಿದ. ನೀ ಇಳಿದರ ಬುತ್ತಿ ಬಿಚ್ಚಿ ಬಡಸೋರು ಯಾರು, ಕುಂದ್ರು ಅಂದೆ. ಕುಂತಳು. ಅವಳಿಗೂ ಗೊತ್ತಿತ್ತು, ನಾನು ಸಿನಿಮಾ ನೋಡಾಕ ಹೊಂಟವಳಲ್ಲ ಅಂತ.

ಅಲ್ಲಿಂದ ಎರಡೂ ಕಡೆ ಎರಿ ಹೊಲ. ಬಿಳಿಜ್ವಾಳ ತೆನಿ ಹಿಡಿದಿತ್ತು, ಅಕ್ಕಡಿ ಸಾಲಿನಾಗ ಕುಸುಬಿ ಹೂವು ಹಳದಿ. ಅಕ್ಷತಾ ಎರಡು ಸಲ ಗಾಡಿ ನಿಲ್ಲಿಸಿ ಫೋಟೋ ಹೊಡೆದಳು. ಎಲ್ಲಮ್ಮನ ಗುಡ್ಡಕ್ಕ ಗಾಡಿಯೊಳಗಿಂದಲೇ ಕೈ ಮುಗಿದೆ, ರವಿವಾರದ ಗದ್ದಲದಾಗ ನಿಲ್ಲುವ ಮೊಣಕಾಲು ನನ್ನವಲ್ಲ. ನವಿಲುತೀರ್ಥದಾಗ ನೀರು ತುಂಬಿತ್ತು. ಗುಡ್ಡದ ನಡುವ ಅಷ್ಟು ನೀರು ನೋಡಿದರ ಕಣ್ಣಿಗೆ ತಂಪು, ಅದರಾಗ ಸುಳ್ಳಿಲ್ಲ. ಗಿಡದ ನೆರಳಿಗೆ ಕುಂತು ಖಡಕ್ ರೊಟ್ಟಿ, ಬದನಿಕಾಯಿ, ಶೇಂಗಾ ಹಿಂಡಿ, ಮೊಸರು ತಿಂದೆವು. ಹಬ್ಬಕ್ಕೂ ಕೇಳಿದರ ಒಂದು ಹೋಳಿಗಿ ಹಾಕೋ ಶೈಲಾ ಅವತ್ತು ಕೇಳದೇ ನನಗ ಎರಡು ಹಾಕಿದಳು. ಎರಡೂ ತಿಂದೆ.

ಕಟಕೋಳ ದಾಟಿ ರಾಮದುರ್ಗ ಮುಟ್ಟಿದಾಗ ಮೂರು ಹೊಡೆದಿತ್ತು. ಸಿನಿಮಾದ ವಾಡೆ ಕೇಳಿದರ ಸಣ್ಣ ಹುಡುಗರೂ ದಾರಿ ಹೇಳಿದರು. ಬಾಗಿಲು ತೆಗೆದವಳು ಮನಿಯ ಒಡತಿ ಗಂಗವ್ವ, ಐವತ್ತರ ಆಜೂಬಾಜು. "ಬರ್ರಿ ಅವ್ವಾರ, ಮಂಚ ನೋಡಾಕ ಬಂದೀರೇನು? ಎಲ್ಲಾರೂ ಅದನ್ನಽ ಕೇಳತಾರ" ಅಂದಳು. ಮಂಚ ನಮ್ಮ ಮನ್ಯಾಗೂ ಅದಾವ, ಕೌದಿ ತೋರಿಸು ಅಂದೆ.

ಸಿನಿಮಾದವರು ಸವದತ್ತಿ ಸಂತಿಯೊಳಗ ಹಳೇ ಅರಿವಿ ಗಂಟು ಕೊಂಡು ತಂದಿದ್ದರಂತ. ಹೋಗುವಾಗ ಕೌದಿ ಇಲ್ಲೇ ಬಿಟ್ಟರಂತ. ಗಂಗವ್ವನ ಮಗಳು ಹಡೆದು ಇಪ್ಪತ್ತು ದಿನ ಆಗಿತ್ತು, ಕೌದಿ ಬಾಣಂತಿ ಕೋಣಿಯೊಳಗ ಇತ್ತು. ಈರಣ್ಣ, ಅಕ್ಷತಾ ಅಂಗಳದಾಗ ಫೋಟೋ ತೆಗೆಯಾಕ ನಿಂತರು. ನಾನು ಕಾಲು ತೊಳಕೊಂಡು ಒಳಗ ಹೋದೆ. ಶೈಲಾ ಹಿಂದ ಬಂದು ಹೊಸ್ತಿಲದಾಗ ನಿಂತಳು.

ಕೂಸು ಕೌದಿ ಮ್ಯಾಲ ಮಲಗಿತ್ತು. ನಾನು ಒಂದು ಮೂಲಿ ಎತ್ತಿ ಬೆಳಕಿಗೆ ಹಿಡಿದೆ. ಕೌದಿ ಹೊಲಿಗಿ ಅಂಚಿನಿಂದ ಸುತ್ತಿಕೋತ ನಡುವಿಗೆ ಬರತೈತಿ. ನಾನು ಎಡಚಿ. ಎಲ್ಲರದೂ ಒಂದು ಕಡೆ ಸುತ್ತಿದರ ನಂದು ಉಲ್ಟಾ ಸುತ್ತತೈತಿ. ಇದು ಉಲ್ಟಾ ಇತ್ತು. ಕೌದಿ ಹೊಟ್ಟಿ ಹಸಿದಿರಬಾರದು ಅಂತ ನಡುವ ಒಂದು ಚೂರು ರೊಟ್ಟಿ ಇಟ್ಟು ಹೊಲಿಯುವುದು ನಮ್ಮ ಪದ್ಧತಿ. ಆ ಜಾಗಕ್ಕ ನಾನು ಕೆಂಪು ತುಂಡು ಹಚ್ಚಿದ್ದೆ. ಅದರ ಮ್ಯಾಲ ಕೂಸಿನ ಕುಂಡಿ ಇತ್ತು, ಕೆಂಪು ಅಂಚು ಕಾಣತಿತ್ತು.

ನಾನು ಏನೂ ಅನ್ನುವ ಮೊದಲೇ ಶೈಲಾ ಮಾತಾಡಿದಳು. "ಅತ್ತೀ, ಇಲಿ ಕಡಿದಿರಲಿಲ್ಲರಿ. ನಾನಽ ಕೊಟ್ಟೆ, ಡಬ್ಬಿ ಸಲುವಾಗಿ."

"ಗೊತ್ತೈತಿ."

"ಮತ್ತ ಎರಡು ವರ್ಷ ಯಾಕ ಸುಮ್ನಿದ್ರಿ?"

"ನೀ ಹೇಳತೀಯೇನು ಅಂತ ನೋಡಿದೆ."

ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. ಗಂಗವ್ವನಿಗೆ ಎಲ್ಲಾ ತಿಳಿದುಹೋಯಿತು. ನಿಮ್ಮದಾದರ ತಗೊಂಡು ಹೋಗ್ರಿ ಅಂತ ಕೂಸು ಎತ್ತಾಕ ಬಾಗಿದಳು. ಕೈ ಹಿಡಿದೆ. ಮಲಗಿದ ಕೂಸಿನ ಕೆಳಗಿಂದ ಕೌದಿ ಎಳೆಯಬಾರದು. "ಇರಲಿ, ಹಾಸಾಕ ಹೊಲಿದದ್ದು. ಆದರ ಬಿಸಿಲಿಗೆ ಹಾಕು, ಉಚ್ಚಿ ವಾಸನಿ ಹೊಡೀತೈತಿ" ಅಂದೆ. ಗಂಗವ್ವ ನಮಗ ಕುಂಕುಮ ಹಚ್ಚಿ, ಉಡಿಯಾಗ ಕೊಬ್ಬರಿಬಟ್ಟಲ ಹಾಕಿ ಕಳಿಸಿದಳು.

ತಿರುಗಿ ಬರುವಾಗ ಹೊತ್ತು ಮುಳುಗತಿತ್ತು. ಶೈಲಾ ನನ್ನ ಹೆಗಲ ಮ್ಯಾಲ ತಲಿ ಇಟ್ಟು ಬಾಯಿ ತೆರೆದು ನಿದ್ದಿ ಮಾಡಿದಳು. ತಲಿ ಭಾರ ಇತ್ತು. ಕೌದಿ ನಿಂದೇ ಏನು ಅಂತ ಈರಣ್ಣ ಕೇಳಿದ.

"ನಂದಲ್ಲ. ಕೌದಿ ಎಲ್ಲಾ ಒಂದಽ ಥರ ಇರತಾವ" ಅಂದೆ.

ಮರುದಿನ ಮುಂಜಾನೆ ಚಹಾ ಆದ ಮ್ಯಾಲ ಅಡಗಿಮನಿ ಗ್ವಾಡಿಯ ಮಾಡದಾಗಿನ ಆ ಸ್ಟೀಲ್ ಡಬ್ಬಿ ಇಳಿಸಿದೆ. ಅದರೊಳಗಿನ ರವಾ ಬ್ಯಾರೆ ಕಡೆ ಸುರಿದು, ಒರೆಸಿ, ಜ್ವಾಳದ ಹಿಟ್ಟು ತುಂಬಿದೆ. ಮುಚ್ಚಳ ಬಿಗಿ ಕುಂತಿತು. ರೊಟ್ಟಿ ಬಡಿಯಾಕ ಕುಂತೆ.